ಮಾವನ ಮನೆಯ ಮುಂದೆ ಹೊಗೆ ಬ್ರೇಕು

ಆ ಪಿಕಪ್ಪಿನ ಸದ್ದನ್ನು ಕಾಗದದ ಮೇಲೆ ಹೇಗೆ ಬರೆಯಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ. ನಾಲ್ಕು ಜನರ ನಡುವೆ ಕೂತಾಗ ಮನುಷ್ಯನಾದವನು ಹೊರಗೆ ಬಿಡಬಾರದ ಸದ್ದು ಎಂದರೆ ಓದುವವರಿಗೆ ಅರ್ಥವಾದೀತು. ಲಿವರ್ ಎಳೆದಾಗ ಎಂಜಿನ್ನು ಗಂಟಲು ಕಟ್ಟಿದ ಹಾಗೆ ಗುಂಯ್‌ಗುಟ್ಟುತ್ತಿತ್ತು, ಅಲ್ಲಿಯವರೆಗೆ ಪರವಾಗಿಲ್ಲ. ಲಿವರ್ ಬಿಟ್ಟೊಡನೆ ಒಳಗೆ ತಡೆದಿಟ್ಟಿದ್ದ ಹೊಗೆಯೆಲ್ಲ ಉದ್ದಕ್ಕೆ, ನಡುನಡುವೆ ತಡೆತಡೆದು ಹೊರಗೆ ಬರುತ್ತಿತ್ತು. ಸೊರಬದ ಸಂತೆಯ ಹತ್ತಿರ ಮೊದಲ ಸಲ ಹಾಗಾದಾಗ ಒಣಮೆಣಸಿನಕಾಯಿ ತೂಗುತ್ತಿದ್ದವನು ತಕ್ಕಡಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದಿನ ಸಂತೆಯ ಹೊತ್ತಿಗೆ ‘ಹೂಸು ಗಾಡಿ’ ಎಂದು ಹೆಸರು ಬಿದ್ದಿತ್ತು. ಗಾಡಿಯ ಹೆಸರು ಡ್ರೈವರಿಗೆ ಅಂಟಿಕೊಳ್ಳಲು ಬಹಳ ಹೊತ್ತು ಬೇಕಾಗಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಶಿಕಾರಿಪುರದ ಒಂದು ಅಕ್ಕಿ ಗಿರಣಿಯಲ್ಲಿ ಡ್ರೈವರ್ ಆಗಿದ್ದೆ. ಗಿರಣಿಯ ಸಾಹುಕಾರರು ಘಟ್ಟದಲ್ಲಿ ರಸ್ತೆ ಕೆಲಸ ಮಾಡಿಸುತ್ತಿದ್ದ ಒಬ್ಬ ಗುತ್ತಿಗೆದಾರರಿಂದ ಈ ಹಳೆಯ ಡೀಸೆಲ್ ಪಿಕಪ್ಪನ್ನು ಕೊಂಡಿದ್ದರು. ಹಿಂದೆ ಮರದ ಹಲಗೆಯ ತೊಟ್ಟಿ, ಮುಂದೆ ಇಬ್ಬರು ಕೂರುವಷ್ಟು ಜಾಗ, ಸ್ಟೀರಿಂಗಿನ ಕೆಳಗೆ ನಾನು ಅದುವರೆಗೆ ಯಾವ ಗಾಡಿಯಲ್ಲೂ ನೋಡದಿದ್ದ ಒಂದು ಕಬ್ಬಿಣದ ಲಿವರ್. ಎಕ್ಸಾಸ್ಟ್ ಬ್ರೇಕ್ ಎಂದು ಅದರ ಹೆಸರು. ಗುತ್ತಿಗೆದಾರರ ಡ್ರೈವರು ಅದನ್ನು ಹೊಗೆ ಬ್ರೇಕು ಎನ್ನುತ್ತಿದ್ದ, ನಾನೂ ಹಾಗೇ ಕರೆದೆ. ಹೊಗೆ ಹೋಗುವ ಕೊಳವೆಯೊಳಗೆ ಒಂದು ದಪ್ಪ ಬಿಲ್ಲೆ ಇರುತ್ತದೆ, ಲಿವರ್ ಎಳೆದರೆ ತಂತಿ ಆ ಬಿಲ್ಲೆಯನ್ನು ಅಡ್ಡ ತಿರುಗಿಸಿ ಕೊಳವೆಯ ಬಾಯಿ ಮುಚ್ಚುತ್ತದೆ. ಹೊಗೆ ಹೊರಗೆ ಹೋಗಲಾರದೆ ಎಂಜಿನ್ನನ್ನೇ ಒತ್ತಿ ಹಿಡಿಯುತ್ತದೆ, ಎಂಜಿನ್ನು ಚಕ್ರಗಳನ್ನು ಹಿಡಿಯುತ್ತದೆ.

ಅವನು ಗಾಡಿ ಒಪ್ಪಿಸುವ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡಿಸಿ ಕಲಿಸಿದ. ಇಳಿಯುವುದಕ್ಕೆ ಮುಂಚೆಯೇ ಸಣ್ಣ ಗೇರಿಗೆ ಬರಬೇಕು. ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆಯಬೇಕು, ಆಮೇಲೆ ಲಿವರ್. ಲಿವರ್ ಎಳೆದಿರುವಾಗ ಕ್ಲಚ್ ಮುಟ್ಟಬಾರದು, ಮುಟ್ಟಿದರೆ ಎಂಜಿನ್ನು ಸತ್ತುಹೋಗುತ್ತದೆ. ಗೇರ್ ಬದಲಾಯಿಸಬೇಕಾದರೆ ಮೊದಲು ಲಿವರ್ ಬಿಡಬೇಕು, ಗೇರ್ ಕೂತ ಮೇಲೆ ಮತ್ತೆ ಎಳೆಯಬೇಕು. ನ್ಯೂಟ್ರಲ್ಲಿನಲ್ಲಿ ಎಳೆದರೆ ಚಕ್ರಕ್ಕೆ ಹಿಡಿತವೇ ಸಿಗುವುದಿಲ್ಲ. ಇಳಿಜಾರು ಬಂದ ಕೂಡಲೇ ನ್ಯೂಟ್ರಲ್ಲಿಗೆ ತಳ್ಳಿ ಡೀಸೆಲ್ ಉಳಿಸುವುದೇ ಡ್ರೈವರನ ಜಾಣತನ ಎಂದು ತಿಳಿದು ಬೆಳೆದ ನನ್ನಂಥವನಿಗೆ ಇದು ಬಲಗೈಯವನು ಎಡಗೈಯಲ್ಲಿ ಉಣ್ಣಲು ಕಲಿತಷ್ಟೇ ಕಷ್ಟವಾಯಿತು. ಆದರೂ ಕಲಿತೆ.

ಕಲಿಯದೆ ಬೇರೆ ದಾರಿಯೂ ಇರಲಿಲ್ಲ. ಗಾಡಿಯ ಕಾಲು ಬ್ರೇಕು ನಂಬುವ ಹಾಗಿರಲಿಲ್ಲ. ಚಕ್ರದೊಳಗಿನ ರಬ್ಬರು ಸವೆದು ಎಣ್ಣೆ ಸೋರುತ್ತಿತ್ತು. ಮೊದಲ ಸಲ ತುಳಿದರೆ ಪೆಡಲ್ಲು ಕೆಳಗೆ ಇಳಿಯುತ್ತಿತ್ತು, ಎರಡು ಮೂರು ಸಲ ತುಳಿದ ಮೇಲೆ ಗಟ್ಟಿಯಾಗುತ್ತಿತ್ತು. ಬಿಸಿಯಾದರೆ ಅದೂ ಇಲ್ಲ. ಸಾಹುಕಾರರಿಗೆ ಹೇಳಿದೆ. ಭತ್ತದ ಸುಗ್ಗಿ ಮುಗಿಯಲಿ, ಗಾಡಿಯನ್ನು ಶಿವಮೊಗ್ಗಕ್ಕೆ ಕಳಿಸಿ ಸರಿ ಮಾಡಿಸೋಣ ಎಂದರು. ಹೊಗೆ ಬ್ರೇಕು ಇದೆಯಲ್ಲ ಎಂದು ನಾನೂ ಒಪ್ಪಿಕೊಂಡೆ. ಅದೊಂದಿದ್ದರೆ ತುಂಬಿದ ಗಾಡಿಯನ್ನು ಯಾವ ಇಳಿಜಾರಿನಲ್ಲಾದರೂ ಎತ್ತಿನ ಗಾಡಿಯ ಹಿಂದೆ ನಿಧಾನಕ್ಕೆ ಇಳಿಸಬಹುದಿತ್ತು, ಪಾದ ಪೆಡಲ್ಲಿನ ಮೇಲೆ ಇಡದೆಯೇ.

ಕಾಟ ಕೊಡಲಿಲ್ಲವೆಂದಲ್ಲ. ಒಂದು ಸಲ ಜಡೆ ಎಂಬ ಊರಿನಿಂದ ಭತ್ತ ತುಂಬಿಕೊಂಡು ಬರುವಾಗ ಲಿವರ್ ಬಿಟ್ಟರೂ ಬಿಲ್ಲೆ ತೆರೆದುಕೊಳ್ಳಲಿಲ್ಲ. ಏರು ಬಂದಿತು, ಗಾಡಿ ಕಪ್ಪು ಹೊಗೆ ಕಾರುತ್ತಾ ನಿಂತೇಬಿಟ್ಟಿತು. ಕೆಳಗೆ ಮಲಗಿ ನೋಡಿದರೆ ಮಸಿ ಕಟ್ಟಿ ಬಿಲ್ಲೆಯ ಕಡ್ಡಿ ಬಿಗಿದುಕೊಂಡಿತ್ತು. ಸ್ಪ್ಯಾನರಿನಲ್ಲಿ ತಟ್ಟಿ, ಸೀಮೆಎಣ್ಣೆ ಬಿಟ್ಟು, ತಂತಿಯಲ್ಲಿ ಕೆರೆದು ಬಿಡಿಸುವಷ್ಟರಲ್ಲಿ ಮುಖ ಗುರುತು ಸಿಗದಂತಾಗಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಆ ಕಡ್ಡಿಗೆ ಸೀಮೆಎಣ್ಣೆ ಹನಿಸಿ, ಲಿವರನ್ನು ಆಡಿಸಿ ನೋಡಿಯೇ ಹೊರಡುತ್ತಿದ್ದೆ.

ಸದ್ದಿನ ಮೂಲವೂ ಆಗಲೇ ಸಿಕ್ಕಿತು. ಬಿಲ್ಲೆಯ ಹತ್ತಿರ ಎರಡು ಕೊಳವೆಗಳು ಕೂಡುವಲ್ಲಿ ಪ್ಯಾಕಿಂಗು ಸುಟ್ಟು ಸಂದಿಯಾಗಿತ್ತು. ಕಲ್ನಾರಿನ ಹಗ್ಗ ಸುತ್ತಿ ತಂತಿ ಬಿಗಿದೆ. ಸೊರಬಕ್ಕೆ ಒಂದು ಸಲ ಹೋಗಿ ಬರುವವರೆಗೆ ತಡೆಯಿತು. ಡಬ್ಬದ ತಗಡು ಕತ್ತರಿಸಿ ಪಟ್ಟಿ ಹಾಕಿದೆ. ಆಗ ಸದ್ದು ಕಡಿಮೆಯಾಗಲಿಲ್ಲ, ಹೊಸದೊಂದು ಸೀಟಿ ಅದಕ್ಕೆ ಸೇರಿಕೊಂಡಿತು. ಆಮೇಲೆ ಕೈಬಿಟ್ಟೆ. ಗಾಡಿ ನಿಲ್ಲುತ್ತದಲ್ಲ, ಸದ್ದಾದರೆ ಆಗಲಿ ಎಂದುಕೊಂಡೆ. ಶಿಕಾರಿಪುರದಲ್ಲಿ ನಕ್ಕರೆ ನಾನೂ ನಕ್ಕುಬಿಡುತ್ತಿದ್ದೆ. ಸೊರಬದಲ್ಲಿ ನಕ್ಕರೂ ಸಹಿಸಿಕೊಳ್ಳುತ್ತಿದ್ದೆ. ಹೊಸಬಾಳೆಯಲ್ಲಿ ಮಾತ್ರ ಅದು ಸಾಧ್ಯವಿರಲಿಲ್ಲ.

ಹೊಸಬಾಳೆ ನನ್ನ ಮಾವನ ಊರು. ಹೆಂಡತಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಸೊರಬದಿಂದ ವಾಪಸು ಬರುವಾಗ ನಾನು ಆ ಊರಿನ ಮೇಲೆ ಹಾದು ಬರುವ ಒಳದಾರಿಯನ್ನೇ ಹಿಡಿಯುತ್ತಿದ್ದೆ, ಯಾಕೆಂದು ಸಾಹುಕಾರರಿಗೂ ಗೊತ್ತಿತ್ತು. ಮಾವನವರು ಕಡಿಮೆ ಮಾತಿನ, ಬಿಗಿ ಮುಖದ ರೈತ. ಮಗಳನ್ನು ಡ್ರೈವರಿಗೆ ಕೊಡಲು ಅವರಿಗೆ ಅಷ್ಟೇನೂ ಮನಸ್ಸಿರಲಿಲ್ಲ ಎಂದು ಮದುವೆಯಾದ ಮೇಲೆ ನನಗೆ ತಿಳಿದಿತ್ತು. ಆದ್ದರಿಂದ ಆ ಊರಿಗೆ ಹೋಗುವಾಗ ಮುಖ ತೊಳೆದು, ಅಂಗಿಯ ಗುಂಡಿ ಹಾಕಿಕೊಂಡು, ಅಳಿಯನ ಗತ್ತಿನಲ್ಲೇ ಹೋಗುತ್ತಿದ್ದೆ. ಆದರೆ ಆ ಊರು ಇಳಿಜಾರಿನ ಮೇಲೇ ಕೂತಿದೆ. ರಸ್ತೆ ಮೇಲ್ಗಡೆಯಿಂದ ಊರೊಳಗೆ ಬಂದು, ಮಾವನ ಮನೆಯ ಜಗಲಿಯನ್ನು ದಾಟಿ, ಒಂದು ಬಸರಿ ಮರದ ಹತ್ತಿರ ತಿರುಗಿ, ಕೆಳಗೆ ಹಳ್ಳದ ಮೇಲಿನ ಕಿರಿದಾದ ಸೇತುವೆಗೆ ಇಳಿಯುತ್ತದೆ. ಹೊಗೆ ಬ್ರೇಕನ್ನು ಎಳೆಯಬೇಕಾದ ಜಾಗ ಸರಿಯಾಗಿ ಮಾವನ ಮನೆಯ ಮುಂದೆಯೇ ಬರುತ್ತಿತ್ತು. ಬಾವಿಯ ಹತ್ತಿರ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಹೆಂಡತಿ ಮಾತ್ರ ಬಾಯಿ ಬಿಟ್ಟೇ ನಗುತ್ತಿದ್ದಳು. ನೀವು ಬಂದಿರಿ ಎಂದು ಯಾರೂ ಬಂದು ಹೇಳಬೇಕಾಗಿಲ್ಲ ಎನ್ನುತ್ತಿದ್ದಳು.

ಒಂದು ದಿನ ನನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದು ಜಗಲಿಯಲ್ಲಿ ಕೂತಿದ್ದರಂತೆ. ನನಗೆ ಗೊತ್ತಿರಲಿಲ್ಲ. ಎಂದಿನಂತೆ ಮೇಲಿನಿಂದ ಬಂದೆ, ಲಿವರ್ ಎಳೆದೆ, ಜಗಲಿಯ ಮುಂದೆ ಬಿಟ್ಟೆ. ಅಷ್ಟು ಗಂಭೀರವಾಗಿ ಕೂತಿದ್ದ ಹಿರಿಯರೆಲ್ಲ ಒಂದು ಗಳಿಗೆ ನೆಲ ನೋಡಿದರಂತೆ, ಆಮೇಲೆ ಒಬ್ಬರು ತಡೆಯಲಾರದೆ ನಕ್ಕರಂತೆ. ಅದು ಯಾರ ಗಾಡಿ ಎಂದು ಕೇಳಿದಾಗ ಮಾವನವರು ನಮ್ಮ ದೊಡ್ಡ ಅಳಿಯಂದಿರದು ಎನ್ನಬೇಕಾಯಿತು. ಇದನ್ನು ಮಾವನವರು ನನಗೆ ಹೇಳಲಿಲ್ಲ. ಮಾವ ಅಳಿಯನಿಗೆ ಇಂಥದ್ದನ್ನು ನೇರವಾಗಿ ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮುಂದಿನ ಸಲ ಊಟಕ್ಕೆ ಕೂತಾಗ ಅಡುಗೆ ಮನೆಯ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂದಿತು.

“ಅಳಿಯಂದ್ರು ಬೇಜಾರು ಮಾಡ್ಕಬಾರ್ದು. ಆ ಗಾಡಿ ಸದ್ದು ಊರು ದಾಟೋ ತನಕ ಇಲ್ದಂಗೆ ಮಾಡಕ್ಕಾಗ್ತದಾ ಅಂತ ಇವ್ರು ಕೇಳ್ತಿದ್ರು.”

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಯಾಕೆ ಆಗುವುದಿಲ್ಲ ಎಂದು ಹೇಳಲು ಹೊರಟರೆ ಆ ಸದ್ದಿನ ವಿಷಯವನ್ನು ಬಾಯಿ ಬಿಟ್ಟು ಮಾತಾಡಬೇಕಿತ್ತು, ಅದೂ ಬಾಗಿಲ ಹಿಂದೆ ನಿಂತ, ನನ್ನೆದುರು ಒಂದು ದಿನವೂ ಬಾರದ ಹಿರಿಯ ಹೆಂಗಸಿನ ಜೊತೆ. ಹೊಗೆ, ಕೊಳವೆ, ಒತ್ತಡ, ಬಿಟ್ಟಾಗ ಬರುವ ಗಾಳಿ. ನನ್ನ ಕಿವಿ ಬಿಸಿಯಾಯಿತು. ಆಗ್ತದೆ ಎಂದುಬಿಟ್ಟು ಅನ್ನ ಕಲಸಿದೆ. ಅಷ್ಟರಲ್ಲಿ ಎದುರಿಗೆ ಕೂತಿದ್ದ ಮಾವನವರು ತುಪ್ಪ ಬಡಿಸಲು ಹೇಳಿದರು.

ಅಂದಿನಿಂದ ಹೊಸಬಾಳೆಯಲ್ಲಿ ಲಿವರ್ ಮುಟ್ಟಲಿಲ್ಲ. ಊರು ಬರುವ ಮುಂಚೆ ಗಾಡಿಯನ್ನು ಪೂರ್ತಿ ನಿಧಾನ ಮಾಡಿ, ಮೂರನೇ ಗೇರಿನಲ್ಲಿ ಕಾಲು ಬ್ರೇಕನ್ನು ತುಳಿತುಳಿದು ಗಟ್ಟಿ ಮಾಡಿಕೊಂಡು ಇಳಿಯುತ್ತಿದ್ದೆ. ಎರಡನೇ ಗೇರಿಗೆ ಹಾಕಿದರೆ ಎಂಜಿನ್ನು ಕೂಗುತ್ತದೆಂದು ಅದನ್ನೂ ಹಾಕುತ್ತಿರಲಿಲ್ಲ. ಬಸರಿ ಮರ ದಾಟಿದ ಮೇಲೆ, ಜಗಲಿಯಿಂದ ಮರೆಯಾದ ಮೇಲೆ, ಬೇಕಾದರೆ ಲಿವರ್. ಖಾಲಿ ಗಾಡಿಗೆ, ಅರ್ಧ ತುಂಬಿದ ಗಾಡಿಗೆ ಇಷ್ಟು ಸಾಕಾಗುತ್ತಿತ್ತು. ಬಾವಿಯ ಹೆಂಗಸರು ನಗುವುದನ್ನು ಬಿಟ್ಟರು. ಮಾವನವರು ಒಂದು ದಿನ ಜಗಲಿಯಿಂದ ಎದ್ದು ಬಂದು ನಾನು ಗಾಡಿ ನಿಲ್ಲಿಸುವುದನ್ನು ನೋಡಿಕೊಂಡು ನಿಂತರು. ನನಗೆ ಒಂದು ರೀತಿಯ ಹೆಮ್ಮೆಯೂ ಆಯಿತು.

ಆ ಬೇಸಿಗೆಯಲ್ಲಿ ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದವು. ಕಾಡಿಗೆ ಸೌದೆಗೆ, ಸೊಪ್ಪಿಗೆ ಹೋದವರಿಗೆ ಜ್ವರ ಬರುತ್ತಿತ್ತು. ಎಂಥ ಜ್ವರವೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ, ಆದರೆ ಕೆಲವರು ಎದ್ದಿರಲಿಲ್ಲ. ಶಿಕಾರಿಪುರದ ಕಡೆಯ ಕುರಿಯವರು ಕೆಲವರು ಗದ್ದೆಗಳಲ್ಲಿ ಗೊಬ್ಬರಕ್ಕೆ ಮಂದೆ ತರುಬಲು ಆ ಕಡೆ ಹೋಗಿದ್ದವರು ಅವಸರದಲ್ಲಿ ವಾಪಸು ಹೊರಟರು. ದೊಡ್ಡ ಕುರಿಗಳು ನಡೆದು ಬರುತ್ತವೆ. ಆಗತಾನೇ ಹುಟ್ಟಿದ ಮರಿಗಳು, ಮರಿ ಹಾಕಿದ ತಾಯಿಗಳು ಅಷ್ಟು ದೂರ ನಡೆಯಲಾರವು. ಒಂದು ಕುಟುಂಬದ ಯಜಮಾನ ಜ್ವರದಿಂದ ಎದ್ದು ಇನ್ನೂ ಕಾಲಿನ ಮೇಲೆ ನಿಲ್ಲಲಾರದೆ ಇದ್ದ. ಅವನ ತಮ್ಮಂದಿರು ಸಾಹುಕಾರರ ಹತ್ತಿರ ಬಂದು ಗಾಡಿ ಕೇಳಿದರು. ಸಾಹುಕಾರರು ಕಳಿಸಿದರು. ಜ್ವರದ ಭಯದಲ್ಲಿ ನನಗೂ ಮನಸ್ಸಿರಲಿಲ್ಲ, ಆದರೆ ಹೋದೆ.

ತಮ್ಮಂದಿರು ದೊಡ್ಡ ಮಂದೆಯನ್ನು ಹೊಡೆದುಕೊಂಡು ಮುಂದೆಯೇ ನಡೆದಿದ್ದರು. ಕ್ಯಾಸನೂರಿನ ಅಂಚಿನ ಗದ್ದೆಯಲ್ಲಿ ನನಗಾಗಿ ಕಾದಿದ್ದವರು ಗಂಡ ಹೆಂಡತಿ ಇಬ್ಬರೇ. ಅವನನ್ನು ಎತ್ತಿ ಮುಂದೆ ನನ್ನ ಪಕ್ಕದಲ್ಲಿ ಕೂರಿಸಿದೆವು. ಮೂವತ್ತರ ಹರೆಯದವನು, ಮೈ ಒಣಗಿ ಮುದುಕನಂತೆ ಕಾಣುತ್ತಿದ್ದ. ತಾಯಿ ಕುರಿಗಳನ್ನು ತೊಟ್ಟಿಗೆ ಏರಿಸಿ ಹಿಂದಿನ ಹಲಗೆ ಹಾಕಿದೆ. ಅವನ ಹೆಂಡತಿ ಕಂಬಳಿ ಹಾಸಿ ಮರಿಗಳನ್ನೆಲ್ಲ ಒಂದು ಮೂಲೆಗೆ ಕೂಡಿಕೊಂಡು ನಡುವೆ ಕೂತಳು. ಅವಳು ಜೀವನದಲ್ಲಿ ಮೊದಲ ಸಲ ಮೋಟಾರು ಏರಿದ್ದು. ಗಾಡಿ ಒಮ್ಮೆಲೇ ನಿಧಾನವಾದರೆ ದೊಡ್ಡ ಕುರಿಗಳು ಮುಂದಕ್ಕೆ ಮುಗ್ಗರಿಸಿ ಮರಿಗಳನ್ನು ತುಳಿಯುತ್ತವೆ. ಅದಕ್ಕೆ ನಾನೇ ಅವಳಿಗೆ ಒಂದು ಉಪಾಯ ಹೇಳಿಕೊಟ್ಟೆ. ಗಾಡಿ ಗುಂಯ್ ಎಂದು ಸದ್ದು ಮಾಡಿದರೆ ಇಳಿಯುತ್ತಿದೆ, ನಿಧಾನವಾಗುತ್ತದೆ ಎಂದು ಅರ್ಥ. ಆಗ ಹಲಗೆಗೆ ಕಾಲು ಕೊಟ್ಟು ಮರಿಗಳನ್ನು ಅವುಚಿ ಹಿಡಿದುಕೋ, ಸದ್ದಿಲ್ಲದಿದ್ದಾಗ ಆರಾಮಾಗಿ ಇರು ಎಂದೆ. ಅವಳು ತಲೆಯಾಡಿಸಿದಳು.

ಸೊರಬದವರೆಗೆ ದಾರಿ ಏರಿಳಿತದ್ದು. ಪ್ರತಿ ಇಳಿಜಾರಿನಲ್ಲೂ ಎರಡನೇ ಗೇರು, ಲಿವರ್. ನೊಗಕ್ಕೆ ಒಗ್ಗಿದ ಎತ್ತುಗಳಂತೆ ಗಾಡಿ ತಗ್ಗಿ ಇಳಿಯುತ್ತಿತ್ತು. ಕ್ಯಾಬಿನ್ನಿನ ಹಿಂದಿನ ಕಿಂಡಿಯಲ್ಲಿ ತಿರುಗಿ ನೋಡಿದರೆ ಸದ್ದು ಬಂದ ಕೂಡಲೇ ಅವಳು ಮೊಣಕಾಲು ಊರಿ ಮರಿಗಳ ಮೇಲೆ ಬಗ್ಗುತ್ತಿದ್ದಳು. ಸೊರಬದ ಬೀದಿಯಲ್ಲಿ ಹುಡುಗರು ನಕ್ಕಾಗ ಕುರಿಯವನು ತುಟಿಯಲ್ಲೇ ನಕ್ಕ. ಅವನು ನಕ್ಕಿದ್ದು ನೋಡಿ ನನಗೂ ಹಗುರಾಯಿತು. ಸೊರಬದಲ್ಲಿ ನೀರು ಕುಡಿಸಿ ಮತ್ತೆ ಹೊರಟೆವು. ಆದರೆ ಅಲ್ಲಿಂದಾಚೆ ಎತ್ತಿನ ಗಾಡಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು, ಹೆಜ್ಜೆ ಹೆಜ್ಜೆಗೂ ಕಾಲು ಬ್ರೇಕು ತುಳಿಯಬೇಕಾಗಿ ಬಂದಿತು. ಹೊಸಬಾಳೆ ಹತ್ತಿರ ಬರುವಾಗ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ನನಗೆ ಆ ವಾಸನೆಯ ಅರ್ಥ ಗೊತ್ತಿತ್ತು.

ಊರ ಮೇಲ್ಗಡೆ ತಲುಪಿದಾಗ ಮಾವನ ಮನೆಯ ಮುಂದೆ ಒಂದು ಕಮಾನು ಗಾಡಿ ನೊಗ ಇಳಿಸಿ ನಿಂತಿದ್ದು ಕಾಣಿಸಿತು. ಪಕ್ಕದಲ್ಲಿ ಎತ್ತುಗಳು ಹುಲ್ಲು ತಿನ್ನುತ್ತಿದ್ದವು. ಜಗಲಿಯ ಮೇಲೆ ಬಿಳಿ ಪಂಚೆ, ಕೋಟು, ರುಮಾಲುಗಳು. ಗಂಡಿನ ಕಡೆಯವರು ಮಾತು ಮುಗಿಸಲು ಬಂದಿದ್ದರು. ನನ್ನ ಕೈ ಆಗಲೇ ಲಿವರಿನ ಮೇಲಿತ್ತು. ಗಾಡಿ ತುಂಬಿದೆ, ಬ್ರೇಕು ಬಿಸಿಯಾಗಿದೆ, ಎರಡನೇ ಗೇರಿಗೆ ಹಾಕಿ ಎಳೆ ಎಂದು ತಲೆ ಹೇಳುತ್ತಿತ್ತು. ಕೈ ಎಳೆಯಲಿಲ್ಲ. ಮೂರನೇ ಗೇರಿನಲ್ಲೇ ಬ್ರೇಕು ತುಳಿದೆ. ಎರಡು ಸಲ, ಮೂರು ಸಲ. ಪೆಡಲ್ಲು ಒಂದಿಷ್ಟು ಗಟ್ಟಿಯಾಯಿತು. ಜಗಲಿಯ ಮುಂದೆ ಗಾಡಿ ಸದ್ದಿಲ್ಲದೆ, ಸಭ್ಯವಾಗಿ ಹಾದುಹೋಯಿತು. ಮಾವನವರು ತಲೆಯೆತ್ತಿ ನೋಡಿದರು. ನಾನು ಕೈಯೆತ್ತಿ ನಮಸ್ಕಾರವನ್ನೂ ಮಾಡಿದೆ.

ಅಲ್ಲಿಂದ ಮುಂದೆ ಇಳಿಜಾರು ಕಡಿದಾಗುತ್ತದೆ. ಮತ್ತೆ ತುಳಿದೆ, ಪೆಡಲ್ಲು ನೆಲಕ್ಕೆ ತಾಗಿತು. ಮತ್ತೆ ತುಳಿದೆ, ಹಾಗೇ. ಗಾಡಿ ಓಡತೊಡಗಿತು. ಆಗಲಾದರೂ ಎಳೆಯಬಹುದಿತ್ತು. ಜಗಲಿ ಹತ್ತು ಮಾರು ಹಿಂದಿತ್ತು ಅಷ್ಟೇ. ಬಸರಿ ಮರ ದಾಟಲಿ, ಅಷ್ಟು ದೂರ ತಾನೇ ಎಂದುಕೊಂಡೆ. ಇದನ್ನು ನಾನು ನಿಜವಾಗಿಯೂ ಅಂದುಕೊಂಡೆ. ಹಿಂದೆ ಒಬ್ಬ ಹೆಂಗಸು, ಪಕ್ಕದಲ್ಲಿ ಒಬ್ಬ ಕಾಯಿಲೆಯವನು, ಕಾಲ ಕೆಳಗೆ ಬ್ರೇಕಿಲ್ಲ, ನನ್ನ ಮನಸ್ಸಿನಲ್ಲಿದ್ದದ್ದು ರುಮಾಲಿನವರು ನಗುತ್ತಾರೆ ಎಂಬುದು.

ಬಸರಿ ಮರದ ತಿರುವಿನಲ್ಲಿ ಸೇತುವೆ ಕಂಡಿತು. ಸೇತುವೆಯ ತುಂಬ ಕುರಿ. ತಮ್ಮಂದಿರು ಹೊಡೆದುಕೊಂಡು ಬಂದಿದ್ದ ದೊಡ್ಡ ಮಂದೆ ಆಗತಾನೇ ಅಲ್ಲಿಗೆ ತಲುಪಿ ಹಳ್ಳ ದಾಟುತ್ತಿತ್ತು. ಲಿವರ್ ಎಳೆದೆ. ಗಾಡಿ ಒದರಿತು, ಹಿಡಿಯಿತು, ಆದರೆ ಮೂರನೇ ಗೇರಿನಲ್ಲಿ ಆ ಹಿಡಿತ ಸಾಲಲಿಲ್ಲ. ಎರಡಕ್ಕೆ ಬರಲೇಬೇಕು. ಲಿವರ್ ಬಿಟ್ಟೆ, ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದೆ, ಎಂಜಿನ್ನನ್ನು ಏರಿಸಿ ಎರಡನೇ ಗೇರಿಗೆ ತಳ್ಳಿದೆ. ಓಟ ಜಾಸ್ತಿಯಾಗಿತ್ತು, ಗೇರು ಕರಕರ ಎಂದು ಹಲ್ಲು ಕಡಿದು ವಾಪಸು ಬಂದಿತು. ಈಗ ಯಾವ ಗೇರೂ ಇಲ್ಲ, ಗಾಡಿಯನ್ನು ಹಿಡಿದಿರುವುದು ಏನೂ ಇಲ್ಲ. ಆ ಗಾಬರಿಯಲ್ಲಿ ಲಿವರನ್ನು ಮತ್ತೆ ಎಳೆದೆ. ನ್ಯೂಟ್ರಲ್ಲಿನಲ್ಲಿ ಎಳೆಯಬಾರದೆಂದು ಕಲಿತವನು ಎಳೆದೆ. ಎಂಜಿನ್ನು ಕೆಮ್ಮಿ ಸತ್ತಿತು. ಆಮೇಲೆ ಟೈರುಗಳು ಜಲ್ಲಿಯ ಮೇಲೆ ಉರುಳುವ ಸದ್ದೊಂದೇ ಉಳಿಯಿತು.

ಸೇತುವೆಗೆ ಬಿಡುವಂತಿರಲಿಲ್ಲ. ಬಲಗಡೆ ಕೊಯ್ಲಾದ ಒಣ ಗದ್ದೆ. ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ಎಳೆದೆ. ಗಾಡಿ ರಸ್ತೆಯ ಅಂಚಿನ ಚರಂಡಿ ಹಾರಿ ಗದ್ದೆಗೆ ಬಿದ್ದಿತು, ಒಂದು ಬದು ಒಡೆದು ಮೇಲೆದ್ದಿತು, ಎರಡನೇ ಬದುವಿಗೆ ಮೂತಿ ಕೊಟ್ಟು ನಿಂತಿತು. ನನ್ನ ಎದೆ ಸ್ಟೀರಿಂಗಿಗೆ ಬಡಿಯಿತು. ಕುರಿಯವನು ಎರಡೂ ಕೈಯಲ್ಲಿ ಡ್ಯಾಶನ್ನು ಹಿಡಿದುಕೊಂಡಿದ್ದ, ಅವನಿಗೇನೂ ಆಗಿರಲಿಲ್ಲ. ಹಿಂದೆ ಕುರಿಗಳು ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು.

ಹಿಂದಿನ ಹಲಗೆ ತೆಗೆದು ಕುರಿಗಳನ್ನು ಇಳಿಸಿದೆ. ಕುರಿಯವನ ಹೆಂಡತಿ ತೊಟ್ಟಿಯ ಮುಂದಿನ ಮೂಲೆಯಲ್ಲಿ ಕೂತಿದ್ದಳು. ಎಡಗೈ ಮಣಿಕಟ್ಟಿನಲ್ಲಿ ಸೊಟ್ಟಗಾಗಿ ಆಗಲೇ ಊದತೊಡಗಿತ್ತು. ಮಡಿಲಲ್ಲಿ ಒಂದು ಮರಿ ಕತ್ತು ಚೆಲ್ಲಿ ಮಲಗಿತ್ತು. ಇನ್ನೊಂದು ಕಂಬಳಿಯ ಕೆಳಗೆ ಸತ್ತಿತ್ತು. ಉಳಿದವು ಅವಳ ಸೀರೆಯೊಳಗೆ ಮುಖ ತೂರಿಸಿ ನಡುಗುತ್ತಿದ್ದವು. ಊರಿನ ಜನ ಓಡಿ ಬಂದು ಗದ್ದೆಯ ಅಂಚಿನಲ್ಲೇ ನಿಂತರು. ಕ್ಯಾಸನೂರಿನ ಕಡೆಯವರೆಂದು ತಿಳಿದ ಮೇಲೆ ಯಾರೂ ಹತ್ತಿರ ಬರಲಿಲ್ಲ. ಜನರನ್ನು ಸರಿಸಿಕೊಂಡು ಗದ್ದೆಗೆ ಇಳಿದು ಬಂದವರು ಮಾವನವರು. ಅವರ ಹಿಂದೆ ರಸ್ತೆಯಲ್ಲಿ ರುಮಾಲಿನ ಹಿರಿಯರೂ ನಿಂತಿದ್ದರು.

ಅವಳನ್ನು ಇಳಿಸಲು ಕೈ ಕೊಟ್ಟೆ. ಅವಳು ನನ್ನ ಕೈ ಹಿಡಿಯಲಿಲ್ಲ. ಅಳಲೂ ಇಲ್ಲ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

“ಸದ್ದ ಬಂದ್ರ ಹಿಡ್ಕೋ ಅಂದಿದ್ರಿ, ಅಣ್ಣಾರ. ದಾರಿ ತುಂಬ ಹಂಗ ಹಿಡ್ಕೊಂಡ ಬಂದೆ. ಇಲ್ಲಿ ಯಾಕ ಸದ್ದ ಬರ್ಲಿಲ್ರಿ?”

ಕೊನೆಗೆ ಸದ್ದು ಬಂದಿತ್ತು, ಆದರೆ ಆಗ ಹೊತ್ತು ಮೀರಿತ್ತು. ಇಳಿಜಾರಿನಲ್ಲಿ ಸದ್ದಿಲ್ಲವಲ್ಲ, ನೆಲ ಸಮವಾಗಿರಬೇಕೆಂದು ಅವಳು ಎದ್ದು ಒಂದು ಮರಿಯನ್ನು ತಾಯಿಯ ಹತ್ತಿರ ಹಾಲಿಗೆ ಬಿಡುತ್ತಿದ್ದಳಂತೆ. ಬ್ರೇಕು ಹೋಯಿತು ಎಂದು ಏನೋ ಗೊಣಗಿದೆ. ಅದು ಸುಳ್ಳಲ್ಲ, ಆದರೆ ಅವಳು ಕೇಳಿದ್ದು ಅದನ್ನಲ್ಲ. ಆಗ ಮಾವನವರು ಮಾತಾಡಿದರು. ರಸ್ತೆಯಲ್ಲಿ ನಿಂತವರಿಗೂ ಕೇಳುವಂತೆ ಹೇಳಿದರು.

“ಅವ್ರಿಗೆ ಊರೊಳಗೆ ಸದ್ದು ಮಾಡಬ್ಯಾಡಿ ಅಂತ ಹೇಳ್ಸಿದ್ದು ನಾನು, ತಾಯಿ. ತಪ್ಪು ನಂದು.”

ಎಲ್ಲರೂ ಅವರನ್ನು ನೋಡಿದರು. ಊರಿನಲ್ಲಿ ಯಾರೆದುರೂ ತಲೆ ತಗ್ಗಿಸದ ಮನುಷ್ಯ ಬೀಗರಾಗುವವರ ಮುಂದೆ, ಒಬ್ಬ ಕುರಿಯವಳ ಮುಂದೆ ಕೈ ಮುಗಿದು ನಿಂತಿದ್ದರು. ನಾನು ಆಗ ಬಾಯಿ ಬಿಡಬೇಕಿತ್ತು. ನಿಮ್ಮ ಮಾತಿಗಾಗಿ ಅಲ್ಲ, ಜಗಲಿ ದಾಟಿದ ಮೇಲೂ ನಾನೇ ಎಳೆಯಲಿಲ್ಲ ಎನ್ನಬೇಕಿತ್ತು. ಅವರು ಹೊದಿಸಿದ ಮರ್ಯಾದೆಯ ಒಳಗೆ ನಾನು ಸುಮ್ಮನೆ ನಿಂತುಕೊಂಡೆ. ಅವರು ಕುರಿಯವನ ತೋಳು ಹಿಡಿದು ಮನೆಯ ಕಡೆ ನಡೆಸಿದರು. ಜ್ವರಕ್ಕೆ ಹೆದರಿ ಯಾರೂ ಮುಟ್ಟದವನನ್ನು ಅವರು ತಮ್ಮ ಹೆಗಲಿಗೆ ಆನಿಸಿಕೊಂಡಿದ್ದರು. ನಾನು ಸತ್ತ ಎರಡು ಮರಿಗಳನ್ನು ಎತ್ತಿಕೊಂಡು ಹಿಂದೆ ನಡೆದೆ.

ದನದ ಕೊಟ್ಟಿಗೆಯ ಒಂದು ಭಾಗ ಬಿಡಿಸಿ ಅವರಿಗೆ ಜಾಗ ಮಾಡಿಕೊಟ್ಟರು. ಮುರಿದ ಕೈ ಕಟ್ಟುವವನನ್ನು ಪಕ್ಕದ ಊರಿನಿಂದ ಕರೆಸಿದರು. ಬಿದಿರ ದಬ್ಬೆ ಇಟ್ಟು ಅವನು ಎಳೆದು ಕಟ್ಟುವಾಗ ಅವಳು ಕಂಬಳಿಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ತಮ್ಮಂದಿರು ಮಂದೆಯನ್ನು ಗದ್ದೆಯಲ್ಲೇ ತರುಬಿದರು. ಊರಿನವರು ಎತ್ತು ಕಟ್ಟಿ ಗಾಡಿಯನ್ನು ರಸ್ತೆಗೆ ಎಳೆದುಕೊಟ್ಟರು. ಸಾಹುಕಾರರಿಗೆ ಹೇಳಿ ಕಳಿಸಿದೆ. ಮೆಕ್ಯಾನಿಕ್ ಬಂದು ರಬ್ಬರು ಬದಲಾಯಿಸಿ, ಎಣ್ಣೆ ತುಂಬಿ, ಗಾಳಿ ತೆಗೆದು ಬ್ರೇಕು ಸರಿ ಮಾಡಲು ಮಾರನೆಯ ದಿನ ಪೂರ್ತಿ ಹಿಡಿಯಿತು. ಆ ರಬ್ಬರನ್ನು ಸುಗ್ಗಿಯ ನೆಪದಲ್ಲಿ ಮುಂದೂಡದೆ ಮೊದಲೇ ಹಾಕಿಸಬಹುದಿತ್ತು ಎಂದು ಅವನು ಅಂದ. ನಾನು ಹೂಂ ಎಂದೆ.

ನಾದಿನಿಯ ಸಂಬಂಧಕ್ಕೆ ಏನೂ ಆಗಲಿಲ್ಲ. ಗಂಡಿನ ಕಡೆಯವರು ಆ ಸಂಜೆಯೇ ಎಲೆ ಅಡಿಕೆ ತೆಗೆದುಕೊಂಡರು. ಆ ಸದ್ದಿನ ಬಗ್ಗೆ ಅವರಿಗೆ ಮೊದಲಿನಿಂದಲೂ ಬೇಜಾರು ಇರಲಿಲ್ಲವೆಂದೂ, ತಮ್ಮ ಊರಿಗೆ ಹೋಗಿ ಅದನ್ನು ಹೇಳಿಕೊಂಡು ನಕ್ಕಿದ್ದರೆಂದೂ ನನ್ನ ಹೆಂಡತಿ ಹೇಳಿದಳು. ಅವಳಿಗೆ ತುಂಬು ತಿಂಗಳು, ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ಯಾವತ್ತೂ ಹಾಗೆ ಕೈ ಮುಗಿದದ್ದು ನೋಡಿಲ್ಲ ಎಂದಳು. ಆಮೇಲೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ನಾನು ಎದ್ದು ಗಾಡಿಯ ಹತ್ತಿರ ಹೋದೆ.

ಹೊರಡುವ ಬೆಳಿಗ್ಗೆ ಕೊಟ್ಟಿಗೆಗೆ ಹೋದೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಅವಳು ಒಂದೇ ಕೈಯಲ್ಲಿ ಒಂದು ಮರಿಯನ್ನು ತಾಯಿಯ ಕೆಚ್ಚಲಿಗೆ ಹಿಡಿದಿದ್ದಳು. ಅದು ಮಾವನವರ ತಪ್ಪಲ್ಲ, ಅವರು ನನ್ನ ಮಾನ ಉಳಿಸಲು ಹಾಗೆ ಹೇಳಿದರು, ಎಳೆಯದೆ ಇದ್ದದ್ದು ನಾನೇ ಎಂದೆ. ಅವಳು ಮರಿಯಿಂದ ಕಣ್ಣು ತೆಗೆಯಲಿಲ್ಲ.

“ಗಾಡಿ ನಿಮ್ಮ ಮಾವಾರು ಹೊಡೀತಿದ್ರೇನ್ರಿ?” ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ನಾನು ಎರಡು ದಿನ ಹೊತ್ತುಕೊಂಡು ತಿರುಗಿದ್ದು ಅವಳಿಗೆ ಗದ್ದೆಯಲ್ಲೇ ತಿಳಿದಿತ್ತು.

ಕುರಿಗಳನ್ನು ತೊಟ್ಟಿಗೆ ಏರಿಸಿದೆವು. ಅವಳು ಏರಲಿಲ್ಲ. ನಾ ನಡೀತೀನ್ರಿ ಎಂದಳು. ಬ್ರೇಕು ಸರಿಯಾಗಿದೆ, ಕೈ ಮುರಿದುಕೊಂಡು ಅಷ್ಟು ದೂರ ನಡೆಯುವುದು ಹೇಗೆ ಎಂದು ನಾನೂ ಹೇಳಿದೆ, ಮಾವನವರೂ ಹೇಳಿದರು. ಅವಳು ಮೈದುನರ ಜೊತೆ ಮಂದೆಯ ಹಿಂದೆ ನಡೆಯಲು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು. ಮರಿಗಳನ್ನು ಒಂದೊಂದಾಗಿ ತಂದು ಮುಂದೆ ನನ್ನ ಪಕ್ಕದಲ್ಲಿ ಕೂತಿದ್ದ ಗಂಡನ ಮಡಿಲಿಗೆ, ಕಾಲ ಸಂದಿಗೆ, ಕಂಬಳಿಯೊಳಗೆ ತುಂಬಿದಳು. ಬಾಗಿಲು ಹಾಕುವ ಮುಂಚೆ ಅವನಿಗೆ, ನಾನು ಅಲ್ಲಿ ಕೂತೇ ಇಲ್ಲವೇನೋ ಎನ್ನುವಂತೆ ಹೇಳಿದಳು.

“ಸದ್ದ ಕೇಳ್ಕೋತ ಕುಂದರಬ್ಯಾಡ. ನೀನ ರಸ್ತಿ ನೋಡ್ಕೊಂಡು ಮರಿ ಹಿಡ್ಕೋ.”

ಅವನು ಹೂಂ ಎಂದ. ನಾನು ಗಾಡಿ ಹೊರಡಿಸಿದೆ. ಜ್ವರದಿಂದ ಎದ್ದ ಮನುಷ್ಯ, ದಾರಿಯುದ್ದಕ್ಕೂ ಅವನ ಕಣ್ಣುಗಳು ಮುಚ್ಚಿಕೊಂಡು ಬರುತ್ತಿದ್ದವು. ಆದರೂ ಶಿಕಾರಿಪುರ ಮುಟ್ಟುವವರೆಗೆ ಅವನು ಒಂದು ಸಲವೂ ನಿದ್ದೆ ಹೋಗಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದ.